ಉಳಿದ ತುಣುಕುಗಳು

ಯೋಹಾನನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರ ಹಸಿವು ತಣಿದ ಮೇಲೆ, ಮಿಕ್ಕ ತುಣುಕುಗಳಲ್ಲಿ ಒಂದೂ ಹಾಳಾಗದಂತೆ ಆಯ್ದಿಡಲು ಯೇಸು ಶಿಷ್ಯರಿಗೆ ಹೇಳುತ್ತಾನೆ. ಹನ್ನೆರಡು ಬುಟ್ಟಿಗಳು ತುಂಬುತ್ತವೆ. ಪವಾಡವನ್ನು ಎಲ್ಲರೂ ಸ್ಮರಿಸುತ್ತಾರೆ. ಬಾಗಿ ಚೂರುಗಳನ್ನು ಆಯ್ದವರ ನೆನಪು ಯಾರಿಗೂ ಅಷ್ಟಾಗಿ ಬರುವುದಿಲ್ಲ.

ಕಳೆದ ಶತಮಾನಕ್ಕೂ ಹಿಂದೆ, ಕನ್ನಡ ನಾಡಿನಲ್ಲಿ ಇಂಥ ಆಯುವ ಕೆಲಸವನ್ನು ಕೈಗೊಂಡ ಇಬ್ಬರು ಕ್ರೈಸ್ತ ಧರ್ಮೋಪದೇಶಕರನ್ನು ಇಲ್ಲಿ ನೆನೆಯಬಹುದು.

ಅವರಲ್ಲಿ ಮೊದಲಿನವರು ಹೆರ್ಮನ್ ಮೊಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಈ ನಾಡಿಗೆ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರೆಂಬುದು ಸರ್ವವಿದಿತ. ಆದರೆ 1848ರಿಂದ ಕೆಲವು ವರ್ಷಗಳ ಕಾಲ ಅವರು ಮಂಗಳೂರಿನ ಕಲ್ಲಚ್ಚಿನಲ್ಲಿ ಪ್ರಕಟಿಸಿದ ಗ್ರಂಥಮಾಲೆ ಅದಕ್ಕಿಂತ ಹೆಚ್ಚು ಗಮನಾರ್ಹವಾದುದು. ಜೈಮಿನಿ ಭಾರತ, ಬಸವಪುರಾಣಗಳಂಥ ಪ್ರೌಢ ಕಾವ್ಯಗಳ ಸಾಲಿನಲ್ಲಿಯೇ ಅವರು ದಾಸರ ಪದಗಳಿಗೂ ಸ್ಥಾನ ಕೊಟ್ಟರು. ತಂಬೂರಿ ಹಿಡಿದು ಮನೆಮನೆಯ ಮುಂದೆ ಹಾಡುವವರ ನಾಲಗೆಯಲ್ಲಿದ್ದ ಈ ಪದಗಳು ಹೀಗೆ ಅಚ್ಚಿನ ಮೊಗ ಕಂಡವು.

ಎರಡನೆಯವರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದ ಇವರು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿದರು. ಧಾರವಾಡ ಪ್ರಾಂತದಲ್ಲಿ ಅಂದು ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿ ಮೇಲುಗೈ ಪಡೆದು, ಕನ್ನಡವು ಸ್ವಂತ ಮನೆಯಲ್ಲಿಯೇ ಹಿತ್ತಿಲಿಗೆ ಸರಿದಿದ್ದ ಕಾಲವೊಂದಿತ್ತು. ಕಿಟ್ಟೆಲರು ಪಂಡಿತರ ನೆರವಿನಿಂದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಆದರೆ ಅವರ ಕಿವಿ ಓಲೆಗರಿಯಲ್ಲಿಯೇ ನೆಟ್ಟಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟಿನ ಯಾವ ಪುಟವನ್ನು ತೆರೆದರೂ ಇದು ವಿದಿತವಾಗುತ್ತದೆ. ಹಳಗನ್ನಡದ ಮಾತಿನ ಪಕ್ಕದಲ್ಲಿ ಸಂತೆಯ ಮಾತಿದೆ. ವ್ಯಾಕರಣದ ಲಕ್ಷ್ಯದ ಪಕ್ಕದಲ್ಲಿ, ಅರ್ಥವನ್ನು ಬೆಳಗಿಸುವುದಕ್ಕೆಂದು ಗಾದೆಯಿದೆ. ಗಾದೆಯನ್ನು ಸಾಕ್ಷಿಯಾಗಿ ಕರೆದದ್ದೆಂದರೆ, ಅದನ್ನು ಕಟ್ಟಿದ ಒಕ್ಕಲಿಗನನ್ನೂ ಮುದುಕಿಯನ್ನೂ ನುಡಿಯ ಅಧಿಕಾರಿಗಳೆಂದು ಒಪ್ಪಿದಂತೆಯೇ ಅಲ್ಲವೆ?

ಇವರು ಬಂದದ್ದು ಮತಪ್ರಚಾರಕ್ಕಾಗಿ, ಇದನ್ನು ಮರೆಮಾಚಬೇಕಾಗಿಲ್ಲ. ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಕುರಿತು ಮಿಷನರಿಗಳು ಆಡಿದ ಮಾತು ಹಲವೆಡೆ ಕಟುವಾಗಿದ್ದಿತೆಂಬುದೂ ನಿಜ. ಜನರನ್ನು ತಿದ್ದಬೇಕಾದರೆ ಅವರ ಮಾತನ್ನು ಅರಿಯಬೇಕೆಂಬ ಲೆಕ್ಕಾಚಾರವೂ ಈ ಸಂಗ್ರಹದ ಹಿಂದಿತ್ತು. ಆದರೆ ಅಷ್ಟಕ್ಕೆ ಕೆಲವು ನೂರು ಶಬ್ದಗಳು ಸಾಕು, 70,000 ಬೇಡ. ಲೆಕ್ಕಾಚಾರ ಮುಗಿದ ಮೇಲೆ ಉಳಿಯುವುದು ಪ್ರೀತಿಯೊಂದೇ. ಆ ಪ್ರೀತಿಯ ಬೇರು ಅವರ ಶ್ರದ್ಧೆಯಲ್ಲಿಯೇ ಇದ್ದಿರಬೇಕೆಂದು ನನಗೆ ತೋರುತ್ತದೆ. ಹುಟ್ಟಿದೊಡನೆ ಗೋದಲಿಯಲ್ಲಿ ಮಲಗಿದವನನ್ನು, ಬೆಸ್ತರನ್ನು ಸಂಗಡಿಗರನ್ನಾಗಿ ಆರಿಸಿಕೊಂಡವನನ್ನು ಪ್ರಭುವೆಂದು ನಂಬಿದವರಿಗೆ ಕೊಟ್ಟಿಗೆಯ ಮಾತು ಕೀಳಾಗಿ ಕಾಣುವುದು ಸಲ್ಲದು. ಹಾಗೆ ನಂಬಿಯೂ ಕೀಳಾಗಿ ಕಂಡವರು ಬಹುಮಂದಿ. ಈ ಇಬ್ಬರು ತಮ್ಮ ನಂಬಿಕೆಗೆ ಇಲ್ಲಿಯಾದರೂ ನಿಷ್ಠರಾದರು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1903ರಲ್ಲಿ ಅವರು ಅದೇ ಊರಿನಲ್ಲಿ ತೀರಿಕೊಂಡರು. ಮುಂದೆ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿದರು; ಮದ್ರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ಅವಧಿಯಲ್ಲಿ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಇಂದು ಬಾವಿಯ ಮೇಲೆ ಏತವಿಲ್ಲ. ಊರ ಅಂಚಿನಲ್ಲಿ ಗಾಣದ ಸದ್ದಿಲ್ಲ. ಒನಕೆ ಅಟ್ಟ ಸೇರಿ ಎಷ್ಟೋ ಕಾಲವಾಯಿತು. ಅವುಗಳ ಹೆಸರನ್ನು ಮೊಮ್ಮಗಳು ಕೇಳಿದಾಗ ನಾವು ಕೈಚಾಚುವುದು ಆ ಬುಟ್ಟಿಗೇ.