ಮದರಂಗಿಯ ಕೈಗಳು: ಗ್ರಾನಡಾದ ನಿಷೇಧದಿಂದ ಇಂದಿನ ಕಲಾ ಗ್ಯಾಲರಿಯವರೆಗೆ

1567ರ ಜನವರಿ 1ರಂದು ಸ್ಪೇನಿನ ಗ್ರಾನಡಾ ನಗರದಲ್ಲಿ ದೊರೆ ಎರಡನೇ ಫಿಲಿಪನ ರಾಜಾಜ್ಞೆಯೊಂದನ್ನು ಸಾರಲಾಯಿತು. ಅಲ್ಲಿನ ಮೊರಿಸ್ಕೊಗಳು, ಅಂದರೆ ಬಲವಂತದಿಂದ ಕ್ರೈಸ್ತ ಮತಕ್ಕೆ ಸೇರಿಸಲ್ಪಟ್ಟ ಮುಸ್ಲಿಮರು, ಮೂರು ವರ್ಷಗಳೊಳಗೆ ಅರಬಿ ಭಾಷೆಯನ್ನು ತೊರೆಯಬೇಕು. ಅರಬಿ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಬೇಕು. ಹೆಂಗಸರು ಮುಖಪರದೆಯನ್ನು ತೆಗೆಯಬೇಕು. ಸ್ನಾನಗೃಹಗಳು ಮುಚ್ಚಬೇಕು. ಶುಕ್ರವಾರವೂ ಹಬ್ಬದ ದಿನಗಳಲ್ಲೂ ಒಳಗೇನು ನಡೆಯುತ್ತಿದೆಯೆಂದು ಕಾಣುವಂತೆ ಮನೆಯ ಬಾಗಿಲುಗಳು ತೆರೆದಿರಬೇಕು. ಇಷ್ಟೆಲ್ಲದರ ನಡುವೆ ಇನ್ನೊಂದು ನಿಬಂಧನೆಯೂ ಇತ್ತು: ಹೆಂಗಸರು ಮದರಂಗಿ ಹಚ್ಚಿಕೊಳ್ಳಬಾರದು.

ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಭೂಮಿ ಹೊಂದಿದ್ದ ಸಾಮ್ರಾಜ್ಯವೊಂದು ಎರಡು ಮೂರು ವಾರಗಳಲ್ಲಿ ತಾನಾಗಿಯೇ ಮಾಸಿಹೋಗುವ ಎಲೆಯ ಬಣ್ಣಕ್ಕೆ ಅಂಜಿದ್ದೇಕೆ? ಈದ್‌ನ ಹಿಂದಿನ ರಾತ್ರಿ ನಮ್ಮ ಹೆಣ್ಣುಮಕ್ಕಳು ಅಂಗೈ ಚಾಚಿ ಕುಳಿತಿರುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಶ್ನೆ ನೆನಪಾಗುತ್ತದೆ.

ಕರಾವಳಿಯಲ್ಲಿ ಮದರಂಗಿ, ಮೈಸೂರಿನ ಕಡೆ ಗೋರಂಟಿ, ಉರ್ದು ಮನೆಮಾತಿನವರಿಗೆ ಮೆಹಂದಿ, ಬ್ಯಾರಿ ಮನೆಗಳಲ್ಲಿ ಮೈಲಾಂಜಿ, ಅರಬಿಯಲ್ಲಿ ಹಿನ್ನಾ. ಹೆಸರು ಯಾವುದಾದರೂ ಗಿಡ ಒಂದೇ. ಇದರ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಚರ್ಮದ ಮೇಲ್ಪದರದ ಪ್ರೋಟೀನಿನೊಂದಿಗೆ ಬೆಸೆದು ಬಣ್ಣ ಕೊಡುತ್ತದೆ. ಆ ಮೇಲ್ಪದರವು ಸತ್ತ ಜೀವಕೋಶಗಳದ್ದು. ಅದು ಉದುರಿದಂತೆ ಬಣ್ಣವೂ ಹೋಗುತ್ತದೆ. ಹಚ್ಚೆಯ ರೀತಿ ಬೇರೆ. ಸೂಜಿಯು ಒಳಪದರದವರೆಗೆ ಚುಚ್ಚಿ ಶಾಯಿಯನ್ನು ಅಲ್ಲೇ ನೆಲೆಗೊಳಿಸುತ್ತದೆ. ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ವರದಿಯಾಗಿದೆ. ಮದರಂಗಿಯ ವಿಷಯದಲ್ಲಿ ಅಂತಹ ನಿಷೇಧವಿಲ್ಲ. ಅರೆದ ಎಲೆಯನ್ನು ತೊಳೆದ ನಂತರ ಉಳಿಯುವುದು ಬಣ್ಣ ಮಾತ್ರವಾದ್ದರಿಂದ ಅದು ವುಝೂವಿಗೂ ಅಡ್ಡಿಯಾಗದು.

ಇಲ್ಲಿ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ನಿಜವಾದ ಮದರಂಗಿ ಎಂದಿಗೂ ಕಡುಕಪ್ಪಾಗುವುದಿಲ್ಲ. ಮೊದಲು ಕಿತ್ತಳೆಯಾಗಿ ಕಂಡು, ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ. ಒಂದೇ ಗಂಟೆಯಲ್ಲಿ ಕಪ್ಪಾಗುವ ಕೋನ್‌ಗಳಲ್ಲಿ ಕೂದಲಿನ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದರಿಂದ ಬೊಬ್ಬೆಗಳೆದ್ದು ಕಲೆ ಉಳಿದ ಮಕ್ಕಳಿದ್ದಾರೆ. ಒಮ್ಮೆ ಅಲರ್ಜಿ ಅಂಟಿದರೆ ಅದು ಜೀವನಪರ್ಯಂತ ಬಿಡದಿರಬಹುದು.

ಇಸ್ಲಾಮಿಗಿಂತ ಬಹಳ ಹಿಂದೆಯೇ ಈ ಗಿಡದ ಬಳಕೆಯಿತ್ತು. ಪ್ರಾಚೀನ ಈಜಿಪ್ಟಿನ ಮಮ್ಮಿಗಳಲ್ಲಿ ಅದರ ಕುರುಹುಗಳಿವೆ. ಮದೀನಾದಲ್ಲಿ ಅದು ಮನೆಮದ್ದೂ ಆಗಿತ್ತು. ಗಾಯವಾದಾಗ ಅಥವಾ ಮುಳ್ಳು ಚುಚ್ಚಿದಾಗ ಪ್ರವಾದಿ(ಸ)ಯವರು ಅದರ ಮೇಲೆ ಮದರಂಗಿ ಹಚ್ಚಿಸುತ್ತಿದ್ದರೆಂದು ಅವರ ಸೇವಕಿ ಸಲ್ಮಾ(ರ) ವರದಿ ಮಾಡಿದ್ದಾರೆ. ಹಝ್ರತ್ ಅಬೂಬಕರ್(ರ) ತಮ್ಮ ನರೆಗೂದಲಿಗೆ ಮದರಂಗಿಯನ್ನು ಕತಮ್ ಎಂಬ ಗಿಡದೊಂದಿಗೆ ಬೆರೆಸಿ ಹಚ್ಚುತ್ತಿದ್ದರು.

ಹಝ್ರತ್ ಆಯಿಶಾ(ರ)ರವರಿಂದ ಬಂದ ವರದಿಯೊಂದು ಇನ್ನೂ ಕುತೂಹಲಕರವಾಗಿದೆ. ಮಹಿಳೆಯೊಬ್ಬರು ಪರದೆಯ ಹಿಂದಿನಿಂದ ಪ್ರವಾದಿ(ಸ)ಯವರತ್ತ ಪತ್ರವೊಂದನ್ನು ಚಾಚಿದರು. ಅವರು ಕೈ ಹಿಂದೆಗೆದುಕೊಂಡು, ಇದು ಗಂಡಿನ ಕೈಯೋ ಹೆಣ್ಣಿನ ಕೈಯೋ ತಿಳಿಯದೆಂದರು. ಹೆಣ್ಣಿನದೆಂಬ ಉತ್ತರ ಬಂದಾಗ, ಹಾಗಿದ್ದರೆ ಉಗುರುಗಳಿಗೆ ಮದರಂಗಿಯ ಬಣ್ಣವಿರಬೇಕಿತ್ತು ಎಂಬರ್ಥದ ಮಾತನ್ನಾಡಿದರು. ಈ ವರದಿಯ ಸನದಿನ ಬಲಾಬಲದ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಪರದೆಯಾಚೆ ಕಾಣುವುದು ಒಂದು ಕೈ ಮಾತ್ರ, ಆ ಕೈಯಲ್ಲಿ ಬರಹ, ಆ ಕೈಯ ಗುರುತು ಮದರಂಗಿ ಎಂಬ ಈ ಚಿತ್ರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಗ್ರಾನಡಾಕ್ಕೆ ಮರಳೋಣ. 1492ರ ಜನವರಿಯಲ್ಲಿ ನಗರ ಶರಣಾದಾಗ ಮುಸ್ಲಿಮರ ಧರ್ಮ, ಭಾಷೆ ಮತ್ತು ಆಚಾರಗಳಿಗೆ ಭಂಗ ಬಾರದೆಂದು ಒಪ್ಪಂದವಾಗಿತ್ತು. ಅದು ಹತ್ತು ವರ್ಷವೂ ಬಾಳಲಿಲ್ಲ. ಮತಾಂತರವನ್ನು ಬಲವಂತಗೊಳಿಸಿದ ಮೇಲೆ ಆಳುವವರಿಗೆ ಹೊಸ ಸಂಕಟ ಎದುರಾಯಿತು. ಹೃದಯದೊಳಗೆ ಯಾರು ಏನನ್ನು ನಂಬುತ್ತಾರೆಂದು ತಿಳಿಯುವುದು ಹೇಗೆ? ಹೃದಯವನ್ನು ತೆರೆದು ನೋಡಲಾಗದವರು ಚರ್ಮವನ್ನು ನೋಡತೊಡಗಿದರು. ಹಂದಿಮಾಂಸ ತಿನ್ನದಿರುವುದು, ಪದೇ ಪದೇ ಸ್ನಾನ ಮಾಡುವುದು, ಮದುವೆಯಲ್ಲಿ ಕೈಗೆ ಬಣ್ಣ ಹಚ್ಚುವುದು, ಇವೆಲ್ಲವೂ ಮತವಿಚಾರಣೆಯ ನ್ಯಾಯಾಲಯಕ್ಕೆ ಸಂಶಯದ ಗುರುತುಗಳಾದವು. ಚಕ್ರವರ್ತಿ ಐದನೇ ಚಾರ್ಲ್ಸ್ 1526ರಲ್ಲಿ ಗ್ರಾನಡಾಕ್ಕೆ ಬಂದಾಗಲೇ ಇಂತಹ ನಿರ್ಬಂಧಗಳು ಸಿದ್ಧವಾಗಿದ್ದವು. ಮೊರಿಸ್ಕೊಗಳು ಭಾರಿ ಮೊತ್ತವನ್ನು ತೆತ್ತು ಅವುಗಳ ಜಾರಿಯನ್ನು ಮುಂದೂಡಿಸಿಕೊಂಡರು. ಹಣ ಕೊಟ್ಟು ಕೊಂಡ ಆ ಬಿಡುವು ನಲವತ್ತು ವರ್ಷಗಳ ಕಾಲ ನಡೆಯಿತು.

1567ರ ಆಜ್ಞೆ ಹೊರಬಿದ್ದಾಗ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೇ ಎಂಬ ವೃದ್ಧ ಮೊರಿಸ್ಕೊ ಕುಲೀನರು ಗ್ರಾನಡಾದ ರಾಜ ನ್ಯಾಯಾಲಯದ ಅಧ್ಯಕ್ಷ ಪೆದ್ರೊ ದೆ ದೇಸಾನಿಗೆ ಮನವಿಪತ್ರವೊಂದನ್ನು ಸಲ್ಲಿಸಿದರು. ಬಾಲ್ಯದಲ್ಲಿ ಗ್ರಾನಡಾದ ಮೊದಲ ಆರ್ಚ್‌ಬಿಷಪ್ ತಲವೇರಾ ಅವರ ಬಳಿ ಸೇವೆಯಲ್ಲಿದ್ದವರವರು. ಉಡುಪು ಧರ್ಮವಲ್ಲ, ಅದು ಪ್ರಾಂತ್ಯದ ರೂಢಿ ಎಂದು ವಾದಿಸಿದರು. ಪೂರ್ವದೇಶಗಳ ಕ್ರೈಸ್ತರು ಅರಬಿಯನ್ನೇ ಆಡುತ್ತಾರಲ್ಲ, ಅವರ ಕ್ರೈಸ್ತತನಕ್ಕೇನಾಯಿತು ಎಂದು ಕೇಳಿದರು. ಮದರಂಗಿಯ ಬಗ್ಗೆಯೂ ಬರೆದರು: ಅದು ಮುಸ್ಲಿಮರ ಧಾರ್ಮಿಕ ವಿಧಿಯಲ್ಲ, ಹೆಂಗಸರು ತಲೆಯ ಶುಚಿತ್ವಕ್ಕೂ ಆರೋಗ್ಯಕ್ಕೂ ಬಳಸುವ ವಸ್ತು ಎಂದರು. ಫಿಕ್ಹ್‌ನ ದೃಷ್ಟಿಯಲ್ಲಿ ನೋಡಿದರೂ ಅವರ ಮಾತು ಸರಿ. ಮದರಂಗಿ ಹಚ್ಚದವಳ ಈಮಾನಿಗೆ ಯಾವ ಕೊರತೆಯೂ ಇಲ್ಲ. ಆದರೆ ತಮ್ಮ ಮನೆಯ ಹೆಂಗಸರ ಅಂಗೈಯ ಬಣ್ಣವನ್ನು ಉಳಿಸಿಕೊಳ್ಳಲು ಮುದುಕರೊಬ್ಬರು ಅದಕ್ಕೂ ತಮ್ಮ ಪೂರ್ವಜರ ಧರ್ಮಕ್ಕೂ ಸಂಬಂಧವೇ ಇಲ್ಲವೆಂದು ಆಡಳಿತದ ಮುಂದೆ ಸಾಧಿಸಬೇಕಾಗಿ ಬಂತಲ್ಲ, ಆ ಸ್ಥಿತಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಮನವಿ ಫಲಿಸಲಿಲ್ಲ. 1568ರ ಡಿಸೆಂಬರಿನಲ್ಲಿ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದಂಗೆಯೆದ್ದಿತು. ಅದನ್ನು ಅಡಗಿಸಿದ ಬಳಿಕ ಗ್ರಾನಡಾದ ಮೊರಿಸ್ಕೊಗಳನ್ನು ಕಾಸ್ಟಿಲಿನ ಊರೂರುಗಳಿಗೆ ಚದುರಿಸಲಾಯಿತು. 1609ರಿಂದ 1614ರವರೆಗೆ ಸುಮಾರು ಮೂರು ಲಕ್ಷ ಜನರನ್ನು ಸ್ಪೇನಿನಿಂದಲೇ ಹೊರಗಟ್ಟಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಸಮುದ್ರ ದಾಟಿ ಮೊರಾಕೊ, ಅಲ್ಜೀರಿಯಾ ಮತ್ತು ಟ್ಯುನೀಶಿಯಾಗಳಲ್ಲಿ ನೆಲೆಸಿದರು. ಅಲ್ಲಿ ಮದರಂಗಿ ಮೊದಲೇ ಮನೆಮನೆಯ ಮಾತಾಗಿತ್ತು.

ನಾಲ್ಕು ಶತಮಾನಗಳ ನಂತರ ಅದೇ ಮೊರಾಕೊದ ಮಹಿಳೆಯೊಬ್ಬರು ಈ ಬಣ್ಣವನ್ನು ಸಮಕಾಲೀನ ಕಲೆಯ ಅಂಗಳಕ್ಕೆ ತಂದರು. ಅದಕ್ಕೆ ಮುನ್ನ ಆ ಅಂಗಳ ಹೇಗಿತ್ತೆಂದು ಹೇಳಬೇಕು. 1960ರ ಮಾರ್ಚಿನಲ್ಲಿ ಪ್ಯಾರಿಸಿನ ಗ್ಯಾಲರಿಯೊಂದರಲ್ಲಿ ಈವ್ ಕ್ಲೈನ್ ಎಂಬ ಕಲಾವಿದ ನಗ್ನ ಸ್ತ್ರೀಯರ ಮೈಗೆ ನೀಲಿ ಬಣ್ಣ ಬಳಿಸಿ, ಆಹ್ವಾನಿತ ಪ್ರೇಕ್ಷಕರೆದುರು ಅವರ ದೇಹವನ್ನು ಕಾಗದಕ್ಕೆ ಒತ್ತಿಸಿದ. ಸ್ತ್ರೀಯರು ಅವನ ಕೈಯ ಕುಂಚಗಳಾಗಿದ್ದರು. 1998ರಿಂದ ಆಸ್ಟ್ರಿಯಾದಲ್ಲಿ ದೇಹಚಿತ್ರಣದ ಅಂತಾರಾಷ್ಟ್ರೀಯ ಉತ್ಸವವೂ ನಡೆಯುತ್ತಿದೆ; ಅಲ್ಲಿ ಇಡೀ ಮೈಯೇ ಚಿತ್ರಪಟ. ಲಜ್ಜೆಯನ್ನು ಈಮಾನಿನ ಭಾಗವೆಂದು ನಂಬುವ ನಮಗೆ ಅಲ್ಲಿ ನೋಡಬೇಕಾದದ್ದೇನೂ ಇಲ್ಲ.

ಲಲ್ಲಾ ಎಸ್ಸಾಯ್ದಿ 1956ರಲ್ಲಿ ಮೊರಾಕೊದಲ್ಲಿ ಹುಟ್ಟಿದರು. ಸೌದಿ ಅರೇಬಿಯಾದಲ್ಲಿ ಹಲವು ವರ್ಷ ಬಾಳಿ, ಪ್ಯಾರಿಸ್ ಮತ್ತು ಬೋಸ್ಟನ್ನಿನಲ್ಲಿ ಕಲೆಯನ್ನು ಅಭ್ಯಸಿಸಿದರು. ಅವರ ಕುಟುಂಬಕ್ಕೆ ಸೇರಿದ ದೊಡ್ಡ ಮನೆಯೊಂದಿತ್ತು. ಹಿರಿಯರ ಮಾತು ಮೀರಿದ ಹೆಣ್ಣುಮಗಳನ್ನು ಕೆಲವೊಮ್ಮೆ ಒಂದು ತಿಂಗಳವರೆಗೆ ಅಲ್ಲಿರಿಸುತ್ತಿದ್ದರು. ಜೊತೆಗೆ ಸೇವಕರಿದ್ದರೂ ಅವಳೊಂದಿಗೆ ಯಾರೂ ಮಾತನಾಡುತ್ತಿರಲಿಲ್ಲ. ಕಲಾವಿದೆಯಾದ ಮೇಲೆ ಎಸ್ಸಾಯ್ದಿ ಆ ಮನೆಗೇ ಹಿಂದಿರುಗಿದರು. ಗೋಡೆಗೂ ನೆಲಕ್ಕೂ ಬಿಳಿಯ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೂ, ಅದರ ನಡುವೆ ಕುಳಿತ ಹೆಂಗಸರ ಉಡುಪು, ಮುಖ, ಕೈಕಾಲುಗಳ ಮೇಲೂ ಮದರಂಗಿಯಿಂದ ಅರಬಿ ಅಕ್ಷರಗಳನ್ನು ಬರೆದರು. ಒಂದೊಂದು ದೃಶ್ಯದ ಸಿದ್ಧತೆಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಬಳಿಕ ಹಳೆಯ ಬಗೆಯ ದೊಡ್ಡ ಫಿಲ್ಮ್ ಕ್ಯಾಮೆರಾದಲ್ಲಿ ಚಿತ್ರ ತೆಗೆದರು.

ಬರೆದದ್ದು ಕುರ್‌ಆನಿನ ಆಯತ್‌ಗಳೇನೋ ಎಂಬ ಆತಂಕ ನೋಡುವ ಮುಸ್ಲಿಮರಿಗೆ ಸಹಜ. ಹಾಗಲ್ಲ, ಅವು ಅವರ ಸ್ವಂತ ಬದುಕಿನ ಮಾತುಗಳು, ದಿನಚರಿಯಂತಹ ಬರಹ. ಅದೂ ಪೂರ್ತಿ ಓದಲಾಗದಂತೆ ಬಟ್ಟೆಯ ಮಡಿಕೆಗಳಲ್ಲಿ ಮರೆಯಾಗುತ್ತದೆ. ಸುಂದರ ಲಿಪಿಗಾರಿಕೆ ಗಂಡಸರ ವಿದ್ಯೆ, ಮದರಂಗಿ ಹೆಂಗಸರದ್ದು. ಎರಡನ್ನೂ ಒಂದೇ ಕೈಯಲ್ಲಿ ಸೇರಿಸಿದೆ ಎಂಬುದು ಅವರ ನಿಲುವು. ಇದನ್ನು ಇಡೀ ಮುಸ್ಲಿಮ್ ಇತಿಹಾಸಕ್ಕೆ ಅನ್ವಯಿಸಬೇಕಿಲ್ಲ. ಹತ್ತನೇ ಶತಮಾನದ ಕುರ್ತುಬಾದಲ್ಲಿ ಖಲೀಫ ಎರಡನೇ ಅಲ್-ಹಕಮ್‌ರ ಆಡಳಿತದಲ್ಲಿ ಲುಬ್ನಾ ಎಂಬ ವಿದುಷಿ ಲಿಪಿಕಾರ್ತಿಯಾಗಿದ್ದುದು ಪ್ರಸಿದ್ಧವಾಗಿದೆ. ಆದರೂ ಎಸ್ಸಾಯ್ದಿಯವರ ಚಿತ್ರಗಳ ಮುಂದೆ ನನಗೆ ನೆನಪಾಗುವುದು ಪರದೆಯ ಹಿಂದಿನಿಂದ ಪತ್ರ ಚಾಚಿದ ಆ ಕೈ. ಇಲ್ಲಿ ಪತ್ರವನ್ನು ಕೈಯ ಮೇಲೆಯೇ ಬರೆಯಲಾಗಿದೆ.

ಮುಂದಿನ ಚಿತ್ರಸರಣಿಯಲ್ಲಿ ಅವರು ಯುರೋಪಿನ ವರ್ಣಚಿತ್ರಗಳಿಗೆ ಉತ್ತರ ಕೊಟ್ಟರು. ಫ್ರೆಂಚ್ ಕಲಾವಿದ ಆಂಗ್ರ್ 1814ರಲ್ಲಿ ಅಂತಃಪುರದ ನಗ್ನ ಹೆಣ್ಣೊಬ್ಬಳನ್ನು ಚಿತ್ರಿಸಿದ್ದ. ಪೂರ್ವದೇಶಗಳನ್ನು ಅವನು ಕಂಡವನೇ ಅಲ್ಲ. ಎಸ್ಸಾಯ್ದಿಯವರ ಚಿತ್ರದಲ್ಲಿ ಅದೇ ಭಂಗಿಯಲ್ಲಿ ಮೊರಾಕೊದ ಹೆಣ್ಣೊಬ್ಬಳು ಬರಹ ತುಂಬಿದ ಬಟ್ಟೆ ಸುತ್ತಿಕೊಂಡು ಒರಗಿದ್ದಾಳೆ. ನಮ್ಮ ಮನೆಯ ಹೆಂಗಸರನ್ನು ನೋಡದೆಯೇ ಬೆತ್ತಲೆಯಾಗಿ ಬರೆದವರಿಗೆ ಬಟ್ಟೆ ಹೊದಿಸಿ ಕೊಟ್ಟ ಉತ್ತರ ಅದು. ಒರಗಿದ ಅದೇ ಭಂಗಿ, ಅದೇ ಪಾಶ್ಚಾತ್ಯ ಗ್ಯಾಲರಿ. ಹಳೆಯ ಕಣ್ಣುಗಳಿಗೇ ಮತ್ತೆ ಔತಣ ನೀಡಿದಂತಾಗಲಿಲ್ಲವೇ ಎಂದು ಕೇಳುವ ವಿಮರ್ಶಕರೂ ಇದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಸಾಧ್ಯವಾಗಿಲ್ಲ. ಜೀವಿಗಳ ಚಿತ್ರಣದ ಬಗ್ಗೆ ವಿದ್ವಾಂಸರ ನಡುವಿನ ಚರ್ಚೆಯೂ ಹಾಗೆಯೇ ಇದೆ.

2024ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆಯು ಮದರಂಗಿಯ ಆಚರಣೆಗಳನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊರಾಕೊ, ಫೆಲೆಸ್ತೀನ್, ಯಮನ್, ಸುಡಾನ್ ಸೇರಿದಂತೆ 16 ಅರಬ್ ರಾಷ್ಟ್ರಗಳು ಜೊತೆಗೂಡಿ ಸಲ್ಲಿಸಿದ ಪ್ರಸ್ತಾಪವದು. ಭಾರತ ಅದರಲ್ಲಿ ಪಾಲುಗೊಂಡಿರಲಿಲ್ಲ. ಸ್ಪೇನಿನ ಹೆಸರೂ ಅಲ್ಲಿಲ್ಲ. ಅಲ್-ಹಿನ್ನಾ ಎಂಬ ಪದದಿಂದ ಬಂದ ‘ಅಲೆನ್ಯ’ ಎಂಬ ಮಾತು ಮಾತ್ರ ಸ್ಪ್ಯಾನಿಷ್ ಭಾಷೆಯಲ್ಲಿ ಉಳಿದುಕೊಂಡಿದೆ. ಇಂದು ಆ ಹೆಸರಿನಿಂದ ಅಲ್ಲಿನ ಜನರು ಸಾಮಾನ್ಯವಾಗಿ ಕರೆಯುವುದು ಬೇಲಿಗೆಂದು ಬೆಳೆಸುವ, ಬಿಳಿ ಹೂ ಬಿಡುವ ಬೇರೊಂದು ಗಿಡವನ್ನು.