ಸಾಣೆ ಪಟ್ಟಿಗೊಂದು ಮೋಟಾರ್, ಶಿವನಸಮುದ್ರದ 25 ಸೈಕಲ್

ನನ್ನ ಸೋದರಮಾವನ ಕುಲುಮೆ ಇರೋದು ಟಿ. ನರಸೀಪುರದಲ್ಲಿ. ಮಚ್ಚು, ಕುಡುಗೋಲು, ಕಬ್ಬು ಕಡಿಯುವ ಕತ್ತಿ ಅಂತ ವರ್ಷವಿಡೀ ಕೆಲಸ. ಬಡಿಯೋದರಲ್ಲಿ ಅವರು ಇವತ್ತಿಗೂ ಸೈ. ಆದರೆ ಅರ ಹಾಕಿ ಉಜ್ಜೋದಕ್ಕೆ ಬಲ ಭುಜ ಮಾತು ಕೇಳುತ್ತಿಲ್ಲ. "ಒಂದು ಬೆಲ್ಟ್ ಗ್ರೈಂಡರ್ ಮಾಡ್ಕೊಡೋ, ಇಲ್ದಿದ್ರೆ ಕುಲುಮೆ ಮುಚ್ಚೋದೇಯ" ಅಂದುಬಿಟ್ಟರು.

ನಾನಿರೋದು ನಂಜನಗೂಡಿನಲ್ಲಿ. ಚೌಕಟ್ಟು, ಗಾಲಿ ಎಲ್ಲ ತಯಾರಾಯಿತು. ಗುಜರಿ ಅಂಗಡಿಯಲ್ಲಿ ಒಂದೂವರೆ ಎಚ್‌ಪಿಯ ತ್ರೀ ಫೇಸ್ ಮೋಟಾರ್ ಸಿಕ್ಕಿತು. ಪರಿಚಯದವರ ವರ್ಕ್‌ಶಾಪಿನಲ್ಲಿ ಕೂರಿಸಿ, ಮಾವನನ್ನೂ ಕರೆಸಿ, ಚಾಲೂ ಮಾಡಿದೆ. ಅವರು ಮಚ್ಚು ಹಿಡಿದು ನೋಡಿ, "ಇದೇನ್ ಸಾಣೆನೋ, ಎತ್ತಿನ ಗಾಣನೋ?" ಅಂದರು. ನೇಮ್‌ಪ್ಲೇಟಿನ ಗ್ರೀಸ್ ಒರೆಸಿದರೆ 1440 ಅಂತಿದೆ. ತಪ್ಪು ನನ್ನದೇ. ಎಚ್‌ಪಿ ಮಾತ್ರ ನೋಡಿದ್ದೆ, ಸುತ್ತು ನೋಡಿರಲಿಲ್ಲ :-)

ಈ 1440 ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದವನು ಶಿವನಸಮುದ್ರ ತಲುಪಿದೆ. ನಂಜನಗೂಡಿನ ಕಪಿಲೆ ನರಸೀಪುರದಲ್ಲಿ ಕಾವೇರಿ ಸೇರುತ್ತಾಳಲ್ಲ, ಆ ನೀರು ತಲಕಾಡು ದಾಟಿ ಹೋಗಿ ಬೀಳೋದು ಅಲ್ಲೇ. 1902ರಲ್ಲಿ ಅಲ್ಲಿ ವಿದ್ಯುತ್ ತಯಾರಾಗಿ, 147 ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗ ಅದು ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲೊಂದು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನಮ್ಮ ಮೈಸೂರು ಸೀಮೆಯ ಕರೆಂಟು ಮೊದಲು ದುಡಿದದ್ದು ದೀಪಕ್ಕಲ್ಲ, ಗಣಿಯ ಯಂತ್ರಗಳಿಗೆ ಅನ್ನೋದು ಯಾಕೋ ನನಗೆ ಬಹಳ ಇಷ್ಟವಾಯಿತು.

ಆ ಕರೆಂಟು 25 ಸೈಕಲ್‌ನದು. ಈಗ ಹರ್ಟ್ಸ್ ಅನ್ನುತ್ತೇವೆ, ಹಳಬರು ಸೈಕಲ್ ಅನ್ನುತ್ತಿದ್ದರು. 1895ರಲ್ಲಿ ಶುರುವಾದ ಅಮೆರಿಕದ ನಯಾಗರಾ ಸ್ಥಾವರಕ್ಕೂ ಆರಿಸಿಕೊಂಡದ್ದು 25ನ್ನೇ. ನಿಧಾನಕ್ಕೆ ತಿರುಗುವ ಭಾರಿ ಯಂತ್ರಗಳಿಗೆ ಅದು ಹಿತ. ದೀಪಕ್ಕೆ ಅಷ್ಟು ಹಿತವಲ್ಲ, ಬಲ್ಬು ಮಿಣುಕಿದ್ದು ಕಣ್ಣಿಗೆ ಗೊತ್ತಾಗುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ, ಬೇಜಾರು ಮಾಡ್ಕೋಬೇಡಿ. ಇಂಡಕ್ಷನ್ ಮೋಟಾರಿನ ಸುತ್ತನ್ನು ತೀರ್ಮಾನಿಸೋದು ಎಚ್‌ಪಿ ಅಲ್ಲ. ಕರೆಂಟಿನ ಸೈಕಲ್ಲು, ಮೋಟಾರಿನ ಪೋಲು, ಇವೆರಡೇ. 50 ಸೈಕಲ್‌ನಲ್ಲಿ ಎರಡು ಪೋಲಿನ ಮೋಟಾರಿಗೆ ನಿಮಿಷಕ್ಕೆ 3000 ಸುತ್ತು, ನಾಲ್ಕು ಪೋಲಿಗೆ 1500. ಭಾರ ಎಳೆಯುವಾಗ ಕೊಂಚ ಹಿಂದೆ ಬೀಳೋದರಿಂದ ಪ್ಲೇಟಿನ ಮೇಲೆ 2880, 1440 ಅಂತ ಹಾಕಿರುತ್ತಾರೆ. 25 ಸೈಕಲ್ ಆದರೆ? ಎರಡು ಪೋಲಿಗೇ 1500. ಅದಕ್ಕಿಂತ ವೇಗವಾಗಿ ಆ ಕರೆಂಟಿನಲ್ಲಿ ಯಾವ ಇಂಡಕ್ಷನ್ ಮೋಟಾರೂ ತಿರುಗುವ ಹಾಗೇ ಇಲ್ಲ. ಅಂದರೆ ನನ್ನ ಗುಜರಿ ಮೋಟಾರಿನ ವೇಗ ಆ ಕಾಲದ ಗರಿಷ್ಠ ವೇಗ!

ಶಾಫ್ಟಿಗೆ 4 ಇಂಚಿನ ಗಾಲಿ ಹಾಕಿದರೆ 1440ರಲ್ಲಿ ಪಟ್ಟಿ ಓಡೋದು ಸೆಕೆಂಡಿಗೆ ಏಳೂವರೆ ಮೀಟರ್ ಚಿಲ್ಲರೆ. ಹಿಡಿಯ ಮರ ನಯ ಮಾಡೋದಕ್ಕೆ ಸಾಕು. ಮಚ್ಚಿನ ಉಕ್ಕು ಸವೆಸೋದಕ್ಕೆ 15 ಮೀಟರ್ ಆದರೂ ಬೇಕು, 20 ದಾಟಿದರೆ ಇನ್ನೂ ಒಳ್ಳೇದು. 2880ರ ಮೋಟಾರ್ ಅದೇ 4 ಇಂಚಿನ ಗಾಲಿಯಲ್ಲಿ 15 ಕೊಡುತ್ತದೆ. 25 ಸೈಕಲ್‌ನವರು ಅಷ್ಟು ವೇಗ ಬೇಕೆಂದರೆ 8 ಇಂಚಿನ ಗಾಲಿ ಹಾಕಬೇಕಿತ್ತು, ಇಲ್ಲವೇ ನಡುವೆ ದೊಡ್ಡ ಗಾಲಿ, ಚಿಕ್ಕ ಗಾಲಿ ಕೂರಿಸಿ ವೇಗ ಏರಿಸಬೇಕಿತ್ತು.

ಆಮೇಲೆ 50 ಸೈಕಲ್ ಬಂದು ಎಲ್ಲ ಕಡೆ ನಿಂತಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾಯಿತು, 1957ರಲ್ಲಿ ವಿದ್ಯುತ್ ಮಂಡಳಿ ಬಂತು. ಹಳ್ಳಿಹಳ್ಳಿಗೆ ಲೈನು, ಬಾವಿಬಾವಿಗೆ ಪಂಪ್‌ಸೆಟ್ಟು. ನಮ್ಮ ಕಡೆ ಮೋಟಾರ್ ಅಂದರೆ ಪಂಪೇ. ನೀರೆತ್ತುವ ಸಣ್ಣ ಪಂಪಿಗೆ ವೇಗ ಬೇಕು, ಹಾಗಾಗಿ ಮಾನೋಬ್ಲಾಕ್‌ಗಳು ಹೆಚ್ಚಾಗಿ 2880ರವು. ಬಾವಿ ಬತ್ತಿ ಬೋರ್‌ವೆಲ್ ಬಂದಮೇಲೆ ಅವು ಗುಜರಿಗೆ ಬಿದ್ದವು. ನಮಗೆ ಬೇಕಾದ್ದು ಅದೇ ಜಾತಿ. ನೀರೊಳಗೆ ಮುಳುಗಿ ಓಡುವ ಸಬ್‌ಮರ್ಸಿಬಲ್ ಬೇಡ, ನೀರಿಲ್ಲದೆ ಅದು ಸುಟ್ಟುಹೋಗುತ್ತದೆ. ಮಿಕ್ಸಿ ಮೋಟಾರೂ ಬೇಡ, ಅದರ ಕಿರುಚಾಟವೇ ಜಾಸ್ತಿ, ಬಿಡದೆ ದುಡಿಯೋ ಜಾಯಮಾನದ್ದಲ್ಲ. ಮೈಯಲ್ಲಿ ಗಾಳಿಕಿಂಡಿ ಇರುವ ಮೋಟಾರ್ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ, ಕಬ್ಬಿಣದ ಹುಡಿ ವೈಂಡಿಂಗಿಗೆ ಇಳಿಯುತ್ತದೆ.

ಮುಂದಿನ ತೊಡಕು, ಕುಲುಮೆಗೆ ಇರೋದು ಸಿಂಗಲ್ ಫೇಸ್. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರ್ ತಂದರೆ ಕೆಲಸ ಆಗುತ್ತದೆ, ವೇಗ ಮಾತ್ರ ಒಂದೇ. ವಿಎಫ್‌ಡಿ ಅನ್ನೋ ಡಬ್ಬ ಹಾಕಿದರೆ ಸಿಂಗಲ್ ಫೇಸಿನಿಂದಲೇ ತ್ರೀ ಫೇಸ್ ಮೋಟಾರ್ ಓಡುತ್ತದೆ, ವೇಗವೂ ನಮ್ಮ ಕೈಯಲ್ಲಿ. ಆದರೆ ಮೋಟಾರಿನ ಆರು ತುದಿಗಳೂ ಹೊರಗೆ ಬಂದಿರಬೇಕು. ನಮ್ಮ ಸಣ್ಣ ಮೋಟಾರ್‌ಗಳನ್ನು 415 ವೋಲ್ಟಿಗೆ ಸ್ಟಾರ್ ಕಟ್ಟಿರುತ್ತಾರೆ. ಈ ಡಬ್ಬ ಕೊಡೋದು 230, ಅದಕ್ಕೆ ಡೆಲ್ಟಾ ಕಟ್ಟಬೇಕು. ಮೂರೇ ತುದಿ ಇದ್ದರೆ ವೈಂಡಿಂಗ್ ಅಂಗಡಿಯವರ ಹತ್ತಿರ ಬಿಚ್ಚಿಸಬೇಕು.

1440ನ್ನು ಅದೇ ಗುಜರಿಯವರಿಗೆ ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿ, 2 ಎಚ್‌ಪಿಯ 2880 ತಂದೆ. ಆರು ತುದಿ ಎಣಿಸಿಯೇ ತಂದೆ. ಡಬ್ಬದ ಬೆಲೆ ಮೋಟಾರಿಗಿಂತ ಹೆಚ್ಚಾಯಿತು, ಮಾವನಿಗೆ ಇನ್ನೂ ಹೇಳಿಲ್ಲ.

ಈಗ ಅಲಗು ತೆಗೆಯುವಾಗ ಮಾವ ಗುಂಡಿಯನ್ನು 50ಕ್ಕೆ ಇಡುತ್ತಾರೆ. ಹಿಡಿ ನಯ ಮಾಡೋದಕ್ಕೆ ಇಳಿಸುತ್ತಾ ಇಳಿಸುತ್ತಾ ಅವರೇ ಒಂದು ಕಡೆ ನಿಲ್ಲಿಸಿ, "ಇಲ್ಲಿ ಸರಿಯಾಗದೆ ನೋಡು" ಅಂದರು. ಬಗ್ಗಿ ನೋಡಿದೆ. 25.

ಆ ಕಾಲದ 25 ಸೈಕಲ್ ಮೋಟಾರ್, ಪ್ಲೇಟ್ ಸಮೇತ, ನಿಮ್ಮಲ್ಲಿ ಯಾರಾದರೂ ನೋಡಿದ್ದರೆ ದಯವಿಟ್ಟು ತಿಳಿಸಿ. ಕ್ಯಾಮೆರಾ ಹಿಡಿದು ಬರುತ್ತೇನೆ.