ಕ್ರೀಮು ಎಂಬ ಮಾತು ಬಂದ ದಾರಿ

ಅಜ್ಜಂಪುರದ ಮೆಡಿಕಲ್ ಶಾಪಿರಲಿ, ತರೀಕೆರೆಯದಿರಲಿ, ಹರೆಯದ ಹುಡುಗರು ಬಂದು ಕೇಳುವುದು ಹೀಗೆ: ‘ಅಣ್ಣಾ, ಮೊಡವೆಗೊಂದು ಕ್ರೀಮ್ ಕೊಡಿ.’ ಮುಲಾಮು ಎಂದು ಯಾರೂ ಕೇಳುವುದಿಲ್ಲ. ಅರಬ್ಬಿಯ ‘ಮರ್ಹಮ್’ ಪಾರಸಿ, ಉರ್ದುಗಳನ್ನು ಹಾದು ಮುಲಾಮು ಆಗಿ ನಮ್ಮಲ್ಲಿ ನೆಲೆಸಿತು. ಆದರೆ ಕಜ್ಜಿ, ಸುಟ್ಟ ಗಾಯಗಳನ್ನು ಬಿಟ್ಟು ಅದು ಮುಖದವರೆಗೆ ಏರಲಿಲ್ಲ.

ಕ್ರೀಮಿನ ಕಥೆ ಇನ್ನೂ ಸೊಗಸು. ಗ್ರೀಕಿನ ‘ಖ್ರಿಸ್ಮ’ ಎಂದರೆ ಮೈಗೆ ಹಚ್ಚುವ ಲೇಪ. ಅಭಿಷಿಕ್ತ ಎಂಬರ್ಥದ ‘ಕ್ರಿಸ್ತ’ನೂ ಅದೇ ಧಾತುವಿನವನು. ಲ್ಯಾಟಿನ್ನಿನಲ್ಲಿ ಚರ್ಚಿನ ಪವಿತ್ರ ತೈಲವಾಗಿದ್ದ ಈ ಪದ ಫ್ರೆಂಚಿನಲ್ಲಿ ಕೆನೆಯೆಂಬರ್ಥದ ಗಾಲ್ ಜನರ ‘ಕ್ರಾಮ’ದೊಡನೆ ಬೆರೆಯಿತೆಂದು ಪದಕೋಶಗಳು ಹೇಳುತ್ತವೆ. ಹಚ್ಚುವುದಕ್ಕೆ ಹುಟ್ಟಿದ ಮಾತು ಹಾಲಿನ ಮೇಲೆ ತೇಲಿ, ಇಂಗ್ಲಿಷಿಗೆ ಹೋಗಿ, ಮತ್ತೆ ಹಚ್ಚುವುದಕ್ಕೇ ಬಂತು.

ಅಜ್ಜಂಪುರದಲ್ಲಿ ನಿಂತು ಇದನ್ನು ಯೋಚಿಸಿದರೆ ನಗು ಬರುತ್ತದೆ. ಇಲ್ಲಿ 1929ರಿಂದ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಟಿಪ್ಪು ಅಮೃತಮಹಲ್ ಎಂದು ಕರೆಯುವ ಮೊದಲು ಮೈಸೂರು ಅರಸರ ದನಗಳ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ಬೆಣ್ಣೆ ಚಾವಡಿಯ ಊರಿಗೂ ಮುಖದ ಕೆನೆ ಇಂಗ್ಲಿಷಿನ ಟ್ಯೂಬಿನಲ್ಲೇ ಬರಬೇಕಾಯಿತು! (ಮನೆಯ ಹಾಲಿನ ಕೆನೆಯನ್ನು ಮೊಡವೆ ಮೇಲೆ ಮೆತ್ತಬೇಡಿ, ಜಿಡ್ಡಿಗೆ ಜಿಡ್ಡು ಸೇರುತ್ತದೆ.)

ಈ ಒಂದೇ ಮಾತಿನ ಕೆಳಗೆ ಈಗ ಬಿಳಿಯಾಗಿಸುತ್ತೇವೆನ್ನುವ ಸರಕು, ಸ್ಟೀರಾಯ್ಡು, ನಿಜವಾದ ಔಷಧ ಎಲ್ಲವೂ ಸೇರಿಕೊಂಡಿವೆ. ಸ್ಟೀರಾಯ್ಡು ಹಚ್ಚಿದರೆ ಕೆಂಪು ಬೇಗ ಇಳಿಯುತ್ತದೆ, ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಗುಳ್ಳೆಗಳು ಇಮ್ಮಡಿಸಿ ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು.

ಚರ್ಮವೈದ್ಯರು ಮೊಡವೆಗೆ ಬರೆಯುವುದು ಬೇರೆಯದೇ. ಅಡಾಪಲೀನ್ ಜೆಲ್ ಆದರೆ ರಾತ್ರಿ ಮುಖ ತೊಳೆದು, ಒಣಗಿದ ಮೇಲೆ ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳ್ಳಗೆ ಸವರಬೇಕು. ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ. ಮೊದಮೊದಲು ಉರಿ, ಹೊಟ್ಟು ಏಳುತ್ತವೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಗರ್ಭಿಣಿಯರಿಗೆ ಇದು ಬೇಡ. ಬೆಂಝಾಯಿಲ್ ಪೆರಾಕ್ಸೈಡ್ ರೋಗಾಣುಗಳನ್ನು ಕೊಲ್ಲುತ್ತದೆ, ಜೊತೆಗೆ ದಿಂಬಿನ ಬಟ್ಟೆಯ ಬಣ್ಣವನ್ನೂ ತೆಗೆಯುತ್ತದೆ. ಕ್ಲಿಂಡಾಮೈಸಿನ್ ಒಂದನ್ನೇ ಹಚ್ಚುತ್ತಾ ಹೋದರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುತ್ತವೆ, ಅದಕ್ಕೇ ಪೆರಾಕ್ಸೈಡ್ ಜೊತೆಗಿಡುತ್ತಾರೆ.

ಅಂಗಡಿಯಲ್ಲಿ ಬರೀ ‘ಕ್ರೀಮ್’ ಕೇಳಬೇಡಿ. ಚೀಟಿ ತೋರಿಸಿ, ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ, ಆಮೇಲೆ ದುಡ್ಡು ಕೊಡಿ.